ಚಾಪೆಲ್‌ನಲ್ಲಿ ಇನ್ನೊಂದು ಸರದಿ

(ದಾವಣಗೆರೆಯಲ್ಲಿ ಸುತ್ತಮುತ್ತಲ ಚರ್ಚುಗಳ ಸಭಾಪಾಲಕರು, ಅಂದರೆ ಪಾಸ್ಟರುಗಳು, ಅವರ ಮನೆಯವರು, ಊರಿನ ಕೆಲವು ಸ್ನೇಹಿತರು ಸೇರಿದ್ದ ಒಂದು ಸಂಜೆ ಮಾಡಿದ ಭಾಷಣವಿದು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡವರು ಬರೆದು ಕಳಿಸಿದರು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲ ಮಾಡಿದ್ದೇನೆ. ಕರೆಂಟ್ ಹೋದಾಗ ಹೊತ್ತು ಕಳೆಯಲು ಹೇಳಿದ ಜೋಕುಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಬಸ್ ಇಳಿದವನು ಸೀದಾ ದೋಸೆ ಹೋಟೆಲಿಗೆ ಹೋದೆ. ದಾವಣಗೆರೆಗೆ ಬಂದು ಬೇರೆಲ್ಲಿಗೆ ಹೋಗಲಿ? ಸೌದೆ ಒಲೆ, ಅಗಲವಾದ ಹೆಂಚು, ಅದರ ಮೇಲೆ ಸಾಲಾಗಿ ದೋಸೆ. ಬೆಣ್ಣೆ ಹಾಕುತ್ತಾ ನಿಂತಿದ್ದವರಿಗೆ ಐವತ್ತು ದಾಟಿರಬೇಕು. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ತಿಂದು ಎದ್ದಾಗ ಸುಮ್ನೆ ಕೇಳಿದೆ: "ಯಜಮಾನ್ರೇ, ನೀವು ದಿನಕ್ಕೆ ಎಷ್ಟು ದೋಸೆ ತಿಂತೀರಿ?" ಅವರು ನಕ್ಕರು. "ಅಯ್ಯೋ, ಈ ವಾಸನೆಗೇ ಹೊಟ್ಟೆ ತುಂಬಿರುತ್ತೆ ಸಾರ್. ಮನೆಗೆ ಹೋಗಿ, ನಮ್ಮನೆಯವಳು ರೊಟ್ಟಿ ತಟ್ಟಿ ಕೊಟ್ಟರೆ ಆಗ ಹಸಿವು ಗೊತ್ತಾಗುತ್ತೆ. ಬೇರೆಯವರ ಕೈ ಅಡುಗೆ ಬೇಕು ನೋಡಿ."

ಇವತ್ತಿಗೆ ಅಂತ ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ. ಈ ಮಾತು ಕೇಳಿದ ಮೇಲೆ ಮೊದಲನೇ ಹಾಳೆ ಮಡಚಿ ಜೇಬಿಗೆ ಹಾಕಿದೆ. ಅಲ್ಲಿ ನಾನು ಅರ್ಧ ಹಾಳೆ ಎಳೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಇಲ್ಲಿ ಕುಳಿತವರಲ್ಲಿ ಜಾಸ್ತಿ ಜನ ವಾರ ವಾರ ಪ್ರಸಂಗ, ಅಂದರೆ ಬೈಬಲ್ ವಾಕ್ಯದ ಮೇಲೆ ಉಪದೇಶ, ಮಾಡುವವರು. ಬೇರೆಯವರಿಗೆ ಬಡಿಸುವವರು. ಭಾನುವಾರಕ್ಕೆ ವಾಕ್ಯ ಹುಡುಕುತ್ತೀರಿ. ಬುಧವಾರ ಯಾರದೋ ಮನೆಯ ಪ್ರಾರ್ಥನೆ. ಶುಕ್ರವಾರ ಉಪವಾಸ ಕೂಟ. ನಡುವೆ ಒಂದು ಸಾವು, ಒಂದು ನಿಶ್ಚಿತಾರ್ಥ. ಬೈಬಲ್ ಕೈ ಬಿಟ್ಟ ದಿನವೇ ಇಲ್ಲ. ಆದರೆ ಅದನ್ನು ನಿಮಗೋಸ್ಕರ ತೆರೆದು ಎಷ್ಟು ದಿನ ಆಯ್ತು? ಉತ್ತರ ಹೇಳಬೇಡಿ. ನನ್ನನ್ನು ಕೇಳಿದರೆ ನಾನೂ ಹೇಳಲ್ಲ.

ಈ ಹಸಿವು ಸಾಯುವ ಕಾಯಿಲೆ ಶುರುವಾಗುವುದು ಸೆಮಿನರಿಯಲ್ಲೇ. ಅದಕ್ಕೆ ಅಲ್ಲೇ ಒಂದು ಮದ್ದೂ ಇಟ್ಟಿದ್ದಾರೆ. ಅದರ ಹೆಸರು ಚಾಪೆಲ್.

ಬೇರೆ ಸ್ನೇಹಿತರೂ ಬಂದಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೆಮಿನರಿ ಅಂದರೆ ಸಭಾಪಾಲಕರಾಗುವವರು ಓದುವ ಶಾಲೆ. ಬೈಬಲಿನ ಎರಡು ಭಾಗಗಳಾದ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಒಂದಿಷ್ಟು ಗ್ರೀಕ್, ಒಂದಿಷ್ಟು ಹೀಬ್ರೂ, ಸಭೆಯ ಇತಿಹಾಸ, ಪ್ರಸಂಗ ಮಾಡುವ ಕಲೆ. ಇದೆಲ್ಲದರ ನಡುವೆ ಎಲ್ಲರೂ ಪುಸ್ತಕ ಮುಚ್ಚಿಟ್ಟು ಒಂದು ಕಡೆ ಸೇರುತ್ತಾರೆ. ಒಂದು ಹಾಡು, ಒಂದು ಪ್ರಾರ್ಥನೆ, ಇಪ್ಪತ್ತು ನಿಮಿಷದ ಪ್ರಸಂಗ. ಒಂದು ದಿನ ಮೇಷ್ಟ್ರು, ಒಂದು ದಿನ ಹೊರಗಿನಿಂದ ಬಂದ ಪಾಸ್ಟರ್, ಒಂದು ದಿನ ವಿದ್ಯಾರ್ಥಿ. ಇದು ಚಾಪೆಲ್. ಹಾಜರಿ ಇದೆ, ಪರೀಕ್ಷೆ ಇಲ್ಲ.

ನಾವು ಬ್ಯಾಪ್ಟಿಸ್ಟ್ ಕ್ರೈಸ್ತರು ಅಂದರೆ ಯಾರು ಅನ್ನುವುದೂ ಎರಡು ಮಾತಿನಲ್ಲಿ ಆಗಲಿ. ನಾವು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿದು, ನಂಬಿ, ಎಲ್ಲರೆದುರು ಬಾಯಿಬಿಟ್ಟು ಹೇಳಿದವರಿಗೆ ಮಾತ್ರ. ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿ. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿ ಬ್ಯಾಪ್ಟಿಸ್ಟ್ ಆಗುವುದರ ಕಷ್ಟ ನನ್ನನ್ನು ಕೇಳಿ. ನನ್ನ ದೀಕ್ಷಾಸ್ನಾನಕ್ಕೆ ಟ್ಯಾಂಕರ್ ನೀರು ತರಿಸಿದ್ದರು. ಮುಗಿದ ಮೇಲೆ ಆ ತೊಟ್ಟಿಯ ನೀರನ್ನು ನಮ್ಮ ಚಿಕ್ಕಪ್ಪ ಬಿಂದಿಗೆಯಲ್ಲಿ ಹೊತ್ತು ಬೇವಿನ ಸಸಿಗೆ ಹಾಕಿದರು. ಒಂದು ತೊಟ್ಟೂ ಪೋಲಾಗಲಿಲ್ಲ.

ಇನ್ನೊಂದು ಸಂಗತಿ ಇದೆ. ನಮ್ಮಲ್ಲಿ ಪ್ರತಿ ಸಭೆಯೂ, ಅಂದರೆ ಪ್ರತಿ ಚರ್ಚೂ, ತನ್ನ ಮನೆ ತಾನೇ ನಡೆಸಿಕೊಳ್ಳುತ್ತದೆ. ಮೇಲೆ ಬಿಷಪ್ ಇಲ್ಲ. ಇದು ನಮಗೆ ಹೆಮ್ಮೆ. ಆದರೆ ಇದರ ಇನ್ನೊಂದು ಮುಖವನ್ನು ನಾವು ಮಾತಾಡುವುದೇ ಇಲ್ಲ. ಮೇಲೆ ಯಾರೂ ಇಲ್ಲ ಅಂದರೆ, ಪಾಸ್ಟರ್ ಕುಸಿದು ಕೂತಾಗ "ಯಾಕಪ್ಪಾ, ಏನಾಯ್ತು?" ಅಂತ ಕೇಳುವವರೂ ಇಲ್ಲ. ಜಗಳೂರಿನ ಆಚೆ ಒಂದು ಹಳ್ಳಿಯಲ್ಲಿ ಹದಿನಾಲ್ಕು ಜನರ ಸಭೆ ನಡೆಸುವವನು ಯಾರ ಹತ್ತಿರ ಹೋಗಿ ಅಳಬೇಕು? ಸಭೆಯವರ ಮುಂದೆ ಅಳುವಂತಿಲ್ಲ. ಮನೆಯಲ್ಲಿ ಹೆಂಡತಿ ಆಗಲೇ ಸುಸ್ತಾಗಿರುತ್ತಾಳೆ. ಹಾಗಾಗಿ ಬ್ಯಾಪ್ಟಿಸ್ಟ್ ಸೆಮಿನರಿಯ ಚಾಪೆಲ್ ಅನ್ನು ಶಾಲೆಯ ಪ್ರಾರ್ಥನೆಯಂತೆ ನೋಡಬೇಡಿ. ಒಬ್ಬರ ಕೈ ಅಡುಗೆ ಇನ್ನೊಬ್ಬರು ಉಣ್ಣುವ ಅಭ್ಯಾಸ ಆಗುವುದು ಅಲ್ಲಿ.

ಆಗಬೇಕು, ಆದರೆ ಆಗುವುದಿಲ್ಲ. ಯಾಕೆ ಅಂತ ನನಗೆ ಗೊತ್ತು.

ಪ್ರಸಂಗ ತರಗತಿಯಲ್ಲಿ ನಮಗೆ ಒಂದು ಅಚ್ಚಾದ ಹಾಳೆ ಕೊಡುತ್ತಿದ್ದರು. ಒಬ್ಬ ನಿಂತು ಪ್ರಸಂಗ ಮಾಡುವುದು, ಉಳಿದವರು ಅಂಕ ಹಾಕುವುದು. ವಾಕ್ಯಕ್ಕೆ ನಿಷ್ಠೆ, ಹತ್ತಕ್ಕೆ ಎಷ್ಟು? ಧ್ವನಿ? ಉದಾಹರಣೆ? ಸಮಯ ಪಾಲನೆ? ಕಲಿಯುವುದಕ್ಕೆ ಇದು ಬೇಕು, ತಪ್ಪೇನಿಲ್ಲ. ಆದರೆ ತಕ್ಕಡಿ ಹಿಡಿದ ಕೈಗೆ ಅದನ್ನು ಕೆಳಗಿಡಲು ಬರುವುದಿಲ್ಲ. ಚಾಪೆಲ್‌ಗೂ ತಕ್ಕಡಿ ತಂದು ಕೂರುತ್ತಿದ್ದೆವು. ಹೊರಗೆ ಬರುತ್ತಾ ಚಪ್ಪಲಿ ಹಾಕಿಕೊಳ್ಳುವಾಗಲೇ ಶುರು. "ಮೂರನೇ ಪಾಯಿಂಟ್ ವೀಕು." "ಆ ಕುರಿ ಕಥೆ ಹೋದ ವರ್ಷವೂ ಹೇಳಿದ್ರು." ಒಬ್ಬ ಮುದುಕ ಪಾಸ್ಟರ್ ಹೆಂಡತಿ ತೀರಿಹೋದ ಮೂರನೇ ವಾರ ಬಂದು, ಅಳುತ್ತಾ ನಮಗೆ ಬೈಬಲಿನ ಕೀರ್ತನೆ ಓದಿ ಹೋದರು. ನನ್ನ ಪಕ್ಕ ಕೂತಿದ್ದವನು "ಪ್ರಸ್ತಾವನೆ ಉದ್ದ ಆಯ್ತು" ಅಂದ. ಅವನನ್ನು ಯಾಕೆ ಬಯ್ಯಲಿ, ನಾನು ಹೂಂ ಅಂದಿದ್ದೆ.

ಈಗ ನನ್ನ ಸರದಿಯ ಕಥೆ ಹೇಳುತ್ತೇನೆ. ಎರಡನೇ ವರ್ಷ. ಚಾಪೆಲ್‌ನಲ್ಲಿ ನನ್ನ ಮೊದಲ ಪ್ರಸಂಗ. ನಾನು ಆರಿಸಿಕೊಂಡದ್ದು ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ. ಅದರಲ್ಲಿ ಒಂದು ವಚನ ಅಲ್ಲ, ಪೂರ್ತಿ 39 ವಚನ. ಇಪ್ಪತ್ತು ನಿಮಿಷಕ್ಕೆ! ಇಲ್ಲಿ ಪಾಸ್ಟರುಗಳೆಲ್ಲ ನಗುತ್ತಿದ್ದೀರಿ. ಉಳಿದವರಿಗೆ ಹೇಳುತ್ತೇನೆ, ಅದು ಒಂದೇ ದಿನದಲ್ಲಿ ದುರ್ಗದ ಕೋಟೆ ಏಳು ಸುತ್ತೂ ಕುಂಟುಬಿಲ್ಲೆ ಆಡಿಕೊಂಡು ಬರ್ತೀನಿ ಅಂದ ಹಾಗೆ.

ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದೆ. ಬಾಗಿಲ ಮೇಲೆ ಗಡಿಯಾರ. ಕೇಳುವವರ ಬೆನ್ನಿಗೆ, ಪ್ರಸಂಗಿಯ ಮುಖಕ್ಕೆ. ಕಟ್ಟಿದವರು ಬುದ್ಧಿವಂತರು. ನಡುವಿನ ಫ್ಯಾನ್ ಸುತ್ತಿದಾಗೆಲ್ಲ ಟಕ್ ಅನ್ನುತ್ತಿತ್ತು. ಹಾರ್ಮೋನಿಯಂ ಮೇಲೆ ಹಸಿರು ಬಟ್ಟೆ. ನನ್ನ ಮೈಮೇಲೆ ಸ್ನೇಹಿತನ ಕೋಟು, ತೋಳು ಎರಡು ಬೆರಳು ಉದ್ದ. ನಾನು ಶುರು ಮಾಡಿದೆ. ಗ್ರೀಕ್ ಪದ ಹೇಳಿದೆ. ಅದರ ಮೂಲ ಹೇಳಿದೆ. ಮೂಲದ ಮೂಲ ಹೇಳಿದೆ. ಇಪ್ಪತ್ತು ನಿಮಿಷ ಆದಾಗ ನಾನಿನ್ನೂ 11ನೇ ವಚನದಲ್ಲಿದ್ದೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ವೇಗ ಹೆಚ್ಚಿಸಿದೆ. ಓಡುವವನ ಕಾಲು ತೊಡರುವ ಹಾಗೆ ನಾಲಿಗೆ ತೊಡರಿತು. ಮೂವತ್ತೈದನೇ ನಿಮಿಷಕ್ಕೆ ಮೆಸ್ಸಿನ ಹುಡುಗ ರೈಲು ಕಂಬಿಯ ತುಂಡಿಗೆ ಢಣ್ ಢಣ್ ಅಂತ ಬಾರಿಸಿದ. ಅದು ಊಟದ ಗಂಟೆ. ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ನಾನು ವಾಕ್ಯದ ನಡುವೆಯೇ "ಆಮೆನ್" ಅಂದುಬಿಟ್ಟೆ.

ಊಟಕ್ಕೆ ಹೋಗಲಿಲ್ಲ. ರೂಮಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಇದು ನನಗೆ ಬಂದ ಕರೆಯೇ ಅಲ್ಲ, ಊರಿಗೆ ಹೋಗಿ ಅಪ್ಪನ ಜೊತೆ ಶೇಂಗಾ ಬಿತ್ತುತ್ತೇನೆ ಅಂತ ತೀರ್ಮಾನ ಮಾಡಿದೆ. ಬಸ್ ಚಾರ್ಜಿಗೆ ಎಷ್ಟಿದೆ ಅಂತ ಎಣಿಸಿಯೂ ಆಗಿತ್ತು.

ಸಂಜೆ ಬಾಗಿಲು ತಟ್ಟಿದರು. ಹಳೆ ಒಡಂಬಡಿಕೆ ಕಲಿಸುತ್ತಿದ್ದ ಅಯ್ಯನವರು. ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ಬಂದು ನನ್ನ ಟ್ರಂಕಿನ ಮೇಲೆ ಕುಳಿತರು. ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಮೂಲೆಗೆ ಶೇಂಗಾ ಚಟ್ನಿ. "ಉಣ್ಣು" ಅಂದರು. ನಾನು ಉಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮೂರ ಕಡೆ ಮಳೆ ಆಯ್ತಾ?" ಪ್ರಸಂಗದ ಸುದ್ದಿ ಎತ್ತಲಿಲ್ಲ. ಚೆನ್ನಾಗಿತ್ತು ಅಂತ ಸುಳ್ಳು ಹೇಳಲಿಲ್ಲ. ಹೀಗೆ ಮಾಡಬೇಕಿತ್ತು ಅಂತ ಪಾಠ ಮಾಡಲಿಲ್ಲ. ಪ್ರಾರ್ಥನೆ ಕೂಡ ಮಾಡಲಿಲ್ಲ, ಆಗ ನನಗೆ ಅದು ವಿಚಿತ್ರ ಅನ್ನಿಸಿತ್ತು. ಡಬ್ಬಿ ತೊಳೆಯಲು ಹೋದರೆ ಕಿತ್ತುಕೊಂಡು ಹೊರಟರು.

ಮಾರನೇ ದಿನ ವರಾಂಡದಲ್ಲಿ ಎದುರಾದಾಗ ನಿಲ್ಲದೇ ನಡೆಯುತ್ತಲೇ ಹೇಳಿದರು: "ಮುಂದಿನ ತಿಂಗಳ ಪಟ್ಟಿಯಲ್ಲಿ ನಿನ್ನ ಹೆಸರು ಬರೆದಿದ್ದೀನಿ. ಈ ಸಲ ಒಂದೇ ವಚನ ತಗೋ."

ಆಧ್ಯಾತ್ಮಿಕ ಪ್ರೋತ್ಸಾಹ ಅಂತ ನಾವು ದೊಡ್ಡ ಮಾತು ಆಡುತ್ತೇವೆ. ಎಷ್ಟೋ ವರ್ಷ ಅದು ಬಾಯಿಂದ ಹೇಳುವ ಸಂಗತಿ ಅಂತಲೇ ತಿಳಿದಿದ್ದೆ. "ಧೈರ್ಯವಾಗಿರಿ ಬ್ರದರ್, ಎಲ್ಲಾ ಒಳ್ಳೇದಾಗುತ್ತೆ, ದೇವರಿದ್ದಾರೆ." ಫೋನಿನಲ್ಲಿ ಬೆಳಗಾದರೆ ಬರುತ್ತದಲ್ಲ, ಸೂರ್ಯೋದಯ, ಗುಲಾಬಿ ಹೂವು, ಕೆಳಗೆ ಒಂದು ವಚನ. ಬೇಡ ಅನ್ನುವುದಿಲ್ಲ, ನಮ್ಮತ್ತೆಗೆ ಅದು ಬಾರದಿದ್ದರೆ ಸಮಾಧಾನವೇ ಇಲ್ಲ. ಆದರೆ ಗೋಡೆ ಕಡೆ ಮುಖ ಮಾಡಿ ಮಲಗಿದವನನ್ನು ಅದು ಎಬ್ಬಿಸುವುದಿಲ್ಲ. ಅಯ್ಯನವರು ನನಗೆ ಕೊಟ್ಟದ್ದು ಎರಡು: ಒಂದು ಊಟ, ಇನ್ನೊಂದು ಸರದಿ.

ಆಮೇಲೆ ಗೊತ್ತಾಯಿತು, ಅವರು ಇದನ್ನು ಕಲಿತದ್ದು ತಾವು ಕಲಿಸುತ್ತಿದ್ದ ಪುಸ್ತಕದಿಂದಲೇ. ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತು. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಗೆಲುವು. ರಾಣಿ ಕೊಲ್ಲಿಸುತ್ತೇನೆ ಅಂದ ಒಂದು ಸುದ್ದಿಗೆ ಮನುಷ್ಯ ಊರು ಬಿಟ್ಟು ಓಡಿದ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಮೈ ತಟ್ಟಿ, ಎದ್ದು ಊಟ ಮಾಡು ಅಂದ. ನೋಡಿದರೆ ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು. ತಿಂದು, ಕುಡಿದು, ಮತ್ತೆ ಮಲಗಿದ. ಈ "ಮತ್ತೆ ಮಲಗಿದ" ಅನ್ನುವುದು ನನಗೆ ತುಂಬಾ ಇಷ್ಟ. ದೂತ ರೇಗಲಿಲ್ಲ. ಇನ್ನೊಂದು ಸಲ ಎಬ್ಬಿಸಿ ಇನ್ನೊಂದು ಸಲ ಉಣ್ಣಿಸಿದ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲಷ್ಟೇ ದೇವರ ಪ್ರಶ್ನೆ: ಇಲ್ಲೇನು ಮಾಡುತ್ತಿದ್ದೀ ಎಲೀಯ? ಮೊದಲು ಊಟ, ನಿದ್ದೆ. ಪ್ರಶ್ನೆ ಎಷ್ಟೋ ದಿನ ಆದ ಮೇಲೆ. ಕೊನೆಗೆ ಸಿಕ್ಕ ಅಪ್ಪಣೆ ಏನು? ಬಂದ ದಾರಿಯಲ್ಲೇ ವಾಪಸ್ ಹೋಗು, ನಿನಗೆ ಕೆಲಸ ಇದೆ. ಅಂದರೆ ಪಟ್ಟಿಯಲ್ಲಿ ಹೆಸರು ಇನ್ನೂ ಇತ್ತು.

ಬಾರ್ನಬನದೂ ಇದೇ ಕಥೆ. ಸುವಾರ್ತೆ ಸಾರುವ ಪ್ರಯಾಣದ ನಡುವೆ ಯುವಕ ಮಾರ್ಕ, ಜೊತೆಗಿದ್ದ ಬಾರ್ನಬ, ಪೌಲ ಇಬ್ಬರಿಗೂ ಕೈಕೊಟ್ಟು ಮನೆಗೆ ಹೋಗಿದ್ದ. ಇವನನ್ನು ಮತ್ತೆ ಕರೆದುಕೊಂಡು ಹೋಗೋದು ಬೇಡ ಅಂದ ಪೌಲ. ಬಾರ್ನಬ ಜಗಳ ಆಡಿಯಾದರೂ ಅವನನ್ನು ಹಡಗು ಹತ್ತಿಸಿಕೊಂಡ. ವರ್ಷಗಳ ನಂತರ ಸೆರೆಮನೆಯಿಂದ ಪೌಲನೇ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಅಂತ.

ಈಗ ನಮ್ಮ ಬ್ಯಾಪ್ಟಿಸ್ಟ್ ಮನೆತನದ ಒಂದು ಕಥೆ. ಇದರಲ್ಲಿ ಕನ್ನಡವೂ ಸೇರಿದೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ವಿಲಿಯಂ ಕೇರಿ ಇಂಗ್ಲೆಂಡಿನ ಒಂದು ಹಳ್ಳಿಯವನು. ಚಪ್ಪಲಿ ಹೊಲಿಯುತ್ತಿದ್ದವನು. 1793ರಲ್ಲಿ ಬಂಗಾಳಕ್ಕೆ ಬಂದ. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊತಿಯ ಮನಸ್ಸು ಕೆಟ್ಟಿತು, ಕೊನೆಯವರೆಗೂ ಸರಿಹೋಗಲಿಲ್ಲ. ಅವಳು ಇಷ್ಟಪಟ್ಟು ಬಂದವಳಲ್ಲ. ಕೇರಿಯನ್ನು ಹೊಗಳುವ ಭರದಲ್ಲಿ ನಾವು ಅವಳನ್ನು ದಾಟಿ ಹೋಗುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ. ಏಳು ವರ್ಷ ದುಡಿದರೂ ಅಲ್ಲಿನವರು ಒಬ್ಬರೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. 1800ರ ಡಿಸೆಂಬರ್ ಕೊನೆಗೆ ಹೂಗ್ಲಿ ನದಿಯಲ್ಲಿ ಮೊದಲನೆಯವನು ಇಳಿದ. ಕೃಷ್ಣಪಾಲ್ ಅಂತ, ಬಡಗಿ. ಅವನ ಭುಜ ತಪ್ಪಿತ್ತು. ಅದನ್ನು ಕೂರಿಸಿದ್ದು ಕೇರಿಯ ಜೊತೆಗಾರ ಡಾಕ್ಟರ್ ಥಾಮಸ್.

ಏಳು ವರ್ಷ ಅಂದರೆ ಬೇರೆ ಸೀಮೆಯವರು ಅಬ್ಬಾ ಅಂದಾರು. ನಾವು ದುರ್ಗದ ಕಡೆಯವರಿಗೆ ಕಾಯೋದು ಹೊಸದಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ. ಆ ದಿನ ನೀರು ನೋಡಲು ಹೋದವರಲ್ಲಿ ನಾನೂ ಒಬ್ಬ. ಮಗನ ಬೈಕಿನ ಹಿಂದೆ ಕೂತು ಬಂದಿದ್ದ ಒಬ್ಬ ಅಜ್ಜ, "ನಮ್ಮಪ್ಪ ಹೇಳ್ತಿದ್ದ" ಅಂದು ಅಷ್ಟಕ್ಕೇ ಸುಮ್ಮನಾದರು. ಮುಂದೆ ಮಾತು ಬರಲಿಲ್ಲ. ಇರಲಿ, ಕಥೆಗೆ ಬರೋಣ.

ಸಿರಾಂಪುರ ಕಲ್ಕತ್ತೆಯ ಹತ್ತಿರದ ಊರು. ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು. ಕೇರಿ, ಅವನ ಜೊತೆಗಾರರಾದ ಮಾರ್ಷ್‌ಮನ್, ವಾರ್ಡ್ ಮೂವರೂ ಅಲ್ಲಿ ಅಚ್ಚುಕೂಟ ನಡೆಸುತ್ತಿದ್ದರು. ಒಂದೊಂದು ಭಾಷೆಯ ಪಂಡಿತರನ್ನು ಕೂರಿಸಿಕೊಂಡು ಬೈಬಲ್ ಅನುವಾದ, ವ್ಯಾಕರಣ, ನಿಘಂಟು. 1812ರ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿ, ಅಚ್ಚುಮೊಳೆ, ಹಸ್ತಪ್ರತಿ ಎಲ್ಲ ಹೋಯಿತು. ಸಂಸ್ಕೃತ ಮತ್ತು ಅದಕ್ಕೆ ಹೊಂದಿದ ಭಾಷೆಗಳ ದೊಡ್ಡ ನಿಘಂಟು ಹೋಯಿತು. ತೆಲುಗು ವ್ಯಾಕರಣ ಹೋಯಿತು. ಅದರ ಜೊತೆಗೆ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟು ಬೂದಿಯಾಯಿತು. ನಮ್ಮ ಭಾಷೆಯ ಕೆಲಸ ಹೂಗ್ಲಿ ದಂಡೆಯಲ್ಲಿ ಸುಟ್ಟುಹೋದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕೇರಿ ಅವತ್ತು ಕಲ್ಕತ್ತೆಯಲ್ಲಿದ್ದ, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಲು. ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದ. ಬಂದು ನೋಡಿದಾಗ ಬೂದಿ ಇನ್ನೂ ಹೊಗೆಯಾಡುತ್ತಿತ್ತು. ಆಮೇಲಿನ ಭಾನುವಾರ ಪ್ರಸಂಗ ಮಾಡಿದ್ದು ಕೇರಿಯೇ. ಯಾವ ವಾಕ್ಯ ಗೊತ್ತೇ? 46ನೇ ಕೀರ್ತನೆಯದು. ಸುಮ್ಮನಿರಿ, ನಾನೇ ದೇವರು ಅಂತ ತಿಳಿದುಕೊಳ್ಳಿ ಅನ್ನುವ ಅರ್ಥದ ಮಾತು.

ಈ "ಸುಮ್ಮನಿರು" ಅನ್ನುವುದನ್ನು ಕನ್ನಡದವರು ಬೇರೆ ಥರ ಕೇಳಬಲ್ಲೆವು ಅನ್ನಿಸುತ್ತದೆ. ಮೇಷ್ಟ್ರು ಕೋಲು ಹಿಡಿದು "ಸುಮ್ನಿರ್ರೋ" ಅಂತಾರೆ, ಅದು ಒಂದು. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ತಾಯಿ "ಸುಮ್ನಿರು ಕಂದಾ, ಸುಮ್ನಿರು" ಅಂತಾಳೆ, ಅದು ಇನ್ನೊಂದು. ಪದ ಒಂದೇ. ಬೂದಿಯ ಮುಂದೆ ನಿಂತ ಕೇರಿಗೆ ಇವೆರಡರಲ್ಲಿ ಯಾವುದು ಕೇಳಿಸಿತೋ. ನನಗಂತೂ ಎರಡನೆಯದೇ ಕೇಳಿಸುತ್ತದೆ.

ಮುಂದಿನದು ಇನ್ನೂ ಮುಖ್ಯ. ಬೂದಿ ಕೆದಕಿದಾಗ ಅಚ್ಚು ಎರಕಕ್ಕೆ ಬೇಕಾದ ಉಕ್ಕಿನ ಪಡಿಯಚ್ಚುಗಳು ಕೆಡದೆ ಸಿಕ್ಕವು. ಕರಗಿ ಹರಿದ ಸೀಸವನ್ನು ಒಟ್ಟುಮಾಡಿ ಮತ್ತೆ ಅಕ್ಷರ ಎರಕ ಹೊಯ್ದರು. ಕೇರಿ ಮತ್ತೆ ಕೂತು ಬರೆಯಲು ಶುರು ಮಾಡಿದ. ಒಂದು ದಾರಿಯಲ್ಲಿ ಎರಡನೇ ಸಲ ನಡೆಯುವಾಗ ಮೊದಲಿಗಿಂತ ಸುಲಭ, ಹೆಜ್ಜೆಯೂ ಗಟ್ಟಿ ಅನ್ನುವ ಅರ್ಥದ ಮಾತನ್ನು ಅವನೇ ಬರೆದಿದ್ದಾನೆ. 1817ರಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾಯಿತು. ಮರುವರ್ಷ, 1818ರಲ್ಲಿ, ಸಿರಾಂಪುರ ಕಾಲೇಜು ಶುರುವಾಯಿತು. ಇವತ್ತಿಗೂ ನಮ್ಮ ದೇಶದ ಎಷ್ಟೋ ಸೆಮಿನರಿಗಳ ಪದವಿ ಸಿರಾಂಪುರದ ಹೆಸರಿನಲ್ಲೇ ಬರುತ್ತದೆ. ಬೂದಿಯಾದ ಆರು ವರ್ಷಕ್ಕೆ ಕಾಲೇಜು, ನೋಡಿ.

ಸ್ಪರ್ಜನ್ ಹೆಸರು ಹೇಳದಿದ್ದರೆ ಇಲ್ಲಿ ಕೆಲವರಿಗೆ ಬೇಜಾರಾಗುತ್ತದೆ, ಬೇಗ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ಸಾವಿರಾರು ಜನಕ್ಕೆ ಪ್ರಸಂಗ ಮಾಡುತ್ತಿದ್ದವನು. 1856ರಲ್ಲಿ ಅವನು ಪ್ರಸಂಗ ಮಾಡುತ್ತಿದ್ದ ದೊಡ್ಡ ಸಭಾಂಗಣದಲ್ಲಿ ಯಾರೋ ಬೆಂಕಿ ಅಂತ ಕೂಗಿ ನೂಕುನುಗ್ಗಲಾಗಿ ಏಳು ಜನ ಸತ್ತರು. ಅವನಿಗೆ 22 ವರ್ಷ. ಆ ಕತ್ತಲೆ ಅವನನ್ನು ಪೂರ್ತಿ ಬಿಡಲೇ ಇಲ್ಲ. ಅವನೇ ಪಾಸ್ಟರುಗಳಿಗೆ ಅಂತ ಕಟ್ಟಿದ ಕಾಲೇಜಿನಲ್ಲಿ ಶುಕ್ರವಾರ ಮಧ್ಯಾಹ್ನ, ವಾರವೆಲ್ಲ ಓದಿ ದಣಿದ ವಿದ್ಯಾರ್ಥಿಗಳ ಎದುರು ಕೂತು ಮಾತಾಡುತ್ತಿದ್ದ. ನಗಿಸುತ್ತಿದ್ದ. ಒಂದು ಶುಕ್ರವಾರ ಪ್ರಸಂಗಿಗಳ ಮನಸ್ಸು ಕುಸಿಯುವ ಬಗ್ಗೆಯೇ ಮಾತಾಡಿದ, ತನ್ನದನ್ನೂ ಮುಚ್ಚಿಡದೆ. ನಮ್ಮ ಪಾಸ್ಟರುಗಳು ಡಾಕ್ಟರ ಹತ್ತಿರ ಹೋಗಿ "ಮನಸ್ಸಿಗೆ ಹುಷಾರಿಲ್ಲ" ಅನ್ನಲು ಇವತ್ತಿಗೂ ಹೆದರುತ್ತಾರೆ. ಹೆದರಬೇಡಿ. ನಿದ್ದೆ ಬಾರದೆ ಮೂರು ವಾರ ಆಗಿದ್ದರೆ ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ.

ಇನ್ನೊಂದು ಕಥೆ ಸಣ್ಣ ಸಭೆ ಇರುವವರಿಗೆ. ಅಮೆರಿಕದ ಗ್ರೀನ್‌ವಿಲ್ ಅನ್ನುವ ಊರಿನಲ್ಲಿ 1859ರಲ್ಲಿ ಬ್ಯಾಪ್ಟಿಸ್ಟರ ಒಂದು ಸೆಮಿನರಿ ಶುರುವಾಯಿತು. ಅಂತರ್ಯುದ್ಧ ಬಂದು ಮುಚ್ಚಿತು. 1865ರಲ್ಲಿ ಮತ್ತೆ ಬಾಗಿಲು ತೆಗೆದಾಗ ಬಂದವರು ಏಳೇ ಜನ. ಜಾನ್ ಬ್ರಾಡಸ್ ಅನ್ನುವ ಮೇಷ್ಟ್ರ ಪ್ರಸಂಗ ತರಗತಿಗೆ ಒಬ್ಬನೇ. ಆ ಒಬ್ಬನಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಸ್ತಕ ಓದಿಕೊಂಡು ಬಾ ಅನ್ನುವಂತಿಲ್ಲ. ಹಾಗಾಗಿ ಬ್ರಾಡಸ್ ಎಲ್ಲವನ್ನೂ ಬಾಯಲ್ಲೇ, ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಒಬ್ಬನೇ ಅಂತ ಸಡಿಲ ಮಾಡಲಿಲ್ಲ. ಆ ಪಾಠವೇ ಬೆಳೆದು 1870ರಲ್ಲಿ ಪುಸ್ತಕವಾಯಿತು. ಎಷ್ಟೋ ತಲೆಮಾರಿನ ಪ್ರಸಂಗಿಗಳು ಅದನ್ನು ಓದಿ ಕಲಿತರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ನಿಲ್ಲಿಸಲಾರೆ. ಆ ಸೆಮಿನರಿ ಕಟ್ಟಿದ ನಾಲ್ವರು ಮೇಷ್ಟ್ರುಗಳೂ, ಬ್ರಾಡಸ್ ಸೇರಿ, ಗುಲಾಮರನ್ನು ಇಟ್ಟುಕೊಂಡಿದ್ದವರು. 2018ರಲ್ಲಿ ಆ ಸೆಮಿನರಿಯೇ ವರದಿ ಬರೆದು ಅದನ್ನು ಒಪ್ಪಿಕೊಂಡಿತು. ಕುರುಡ ವಿದ್ಯಾರ್ಥಿಗೆ ಅಷ್ಟು ತಾಳ್ಮೆ ತೋರಿದ ಮನುಷ್ಯನ ಮನೆಯಲ್ಲಿ ದುಡ್ಡು ಕೊಟ್ಟು ಕೊಂಡ ಮನುಷ್ಯರು ಇದ್ದರು. ಎರಡೂ ನಿಜ. ನಮ್ಮೂರುಗಳಲ್ಲಿ ಬೇರೆ ಬೇರೆ ಲೋಟ ಇಟ್ಟ ಹೋಟೆಲುಗಳನ್ನು ನೋಡಿದವರಿಗೆ ಇದು ದೂರದ ಸುದ್ದಿ ಅನ್ನಿಸಬಾರದು. ಸಭೆಯ ಒಳಗೂ ಯಾರನ್ನು ಯಾವ ಬೆಂಚಿನಲ್ಲಿ ಕೂರಿಸುತ್ತೇವೆ, ಯಾರಿಗೆ ಸರದಿ ಕೊಡುತ್ತೇವೆ, ಯಾರಿಗೆ ಎಂದೂ ಕೊಟ್ಟಿಲ್ಲ, ಅದನ್ನೂ ಲೆಕ್ಕ ಹಾಕಬೇಕಾಗುತ್ತದೆ. ಪಟ್ಟಿ ಬರೆಯುವವರ ಕೈಯಲ್ಲಿ ತುಂಬಾ ಇದೆ.

ಹಾಗಾದರೆ ಈಗ ನಾವು ಏನು ಮಾಡೋಣ? ಸೆಮಿನರಿ ಬಿಟ್ಟು ಇಪ್ಪತ್ತು ವರ್ಷ ಆದವರಿಗೆ ಚಾಪೆಲ್ ಎಲ್ಲಿಂದ ತರೋಣ? ಫೋನಿನಲ್ಲಿ ಸಿಗುತ್ತದೆ ಅಂತ ಒಬ್ಬರು ಆಗಲೇ ಹೇಳಿದರು. ನಾನೂ ಕೇಳುತ್ತೇನೆ, ಇಯರ್‌ಫೋನ್ ಹಾಕಿಕೊಂಡು. ಆದರೆ ನಿಜ ಹೇಳಿ, ಕೇಳುವಾಗ ಎಷ್ಟು ಸಲ ನಿಲ್ಲಿಸಿ "ಇದು ಭಾನುವಾರಕ್ಕೆ ಆಗುತ್ತೆ" ಅಂತ ಬರೆದುಕೊಳ್ಳುತ್ತೀರಿ? ಅದು ಉಣ್ಣುವುದಲ್ಲ, ಪಾರ್ಸೆಲ್ ಕಟ್ಟಿಸಿಕೊಳ್ಳುವುದು. ಅದೂ ಅಲ್ಲದೆ ಆ ಪ್ರಸಂಗಿಗೆ ನೀವು ಯಾರೋ ಗೊತ್ತಿಲ್ಲ. ನೀವು ಗೋಡೆ ಕಡೆ ತಿರುಗಿ ಮಲಗಿದರೆ ಡಬ್ಬಿ ಹಿಡಿದು ಬರುವುದಿಲ್ಲ.

ನಾವು ಐದಾರು ಜನ ಒಂದು ಸಣ್ಣ ಏರ್ಪಾಡು ಮಾಡಿಕೊಂಡಿದ್ದೇವೆ. ತಿಂಗಳಿಗೊಂದು ಸೋಮವಾರ, ಒಂದು ಸಲ ಹೊಳಲ್ಕೆರೆ, ಒಂದು ಸಲ ಹರಿಹರ, ಹೀಗೆ. ಸೋಮವಾರ ಯಾಕೆ ಅಂದರೆ ಪಾಸ್ಟರುಗಳ ಮನಸ್ಸು ತೀರಾ ಕೆಳಗಿರುವುದು ಅವತ್ತೇ. ಒಬ್ಬರು ಪ್ರಸಂಗ ಮಾಡುತ್ತಾರೆ, ಇಪ್ಪತ್ತು ನಿಮಿಷ. ಉಳಿದವರು ಪೆನ್ನು ತೆಗೆಯುವಂತಿಲ್ಲ. ಮುಗಿದ ಮೇಲೆ ವಿಮರ್ಶೆ ಇಲ್ಲ. ಊಟ ಇದೆ. ಪಾಸ್ಟರಮ್ಮಂದಿರಿಗೇ ಅಡುಗೆ ಕೆಲಸ ಬಿದ್ದು, ಅವರು ಪ್ರಸಂಗ ಕೇಳಲು ಆಗುತ್ತಿರಲಿಲ್ಲ. ಅದನ್ನು ಅವರೇ ಖಾರವಾಗಿ ಹೇಳಿದ ಮೇಲೆ ಈಗ ಮಂಡಕ್ಕಿ, ಮಿರ್ಚಿ ಹೊರಗಿನಿಂದ ತರಿಸುತ್ತೇವೆ. ಎರಡು ಸಲ ಅವರಲ್ಲೊಬ್ಬರು ಪ್ರಸಂಗವನ್ನೂ ಮಾಡಿದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಿದರು. ವಿಮರ್ಶೆ ಇಲ್ಲ ಅಂದಿದ್ದೆ, ಇದೊಂದು ಬಾಯಿ ತಪ್ಪಿ ಬಂತು.

ಕೊನೆಗೆ ಒಂದು ಸಂಗತಿ ಹೇಳಿ ಕೂರುತ್ತೇನೆ. ಕಳೆದ ವರ್ಷ ನಾನು ಓದಿದ ಸೆಮಿನರಿಗೆ ಹೋಗಿದ್ದೆ. ಅಯ್ಯನವರು ಈಗಿಲ್ಲ. ರೈಲು ಕಂಬಿಯ ಜಾಗಕ್ಕೆ ಕರೆಂಟ್ ಬೆಲ್ ಬಂದಿದೆ. ಫ್ಯಾನ್ ಅದೇ, ಟಕ್ ಅನ್ನುತ್ತದೆ. ಚಾಪೆಲ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬ ಹುಡುಗ ಎದ್ದು ನಿಂತ. ಎರಡು ಮಾತಾಡಿದ, ಹಾಳೆ ತಿರುಗಿಸಿದ, ಎಲ್ಲಿದ್ದೇನೆ ಅಂತ ಮರೆತ. ನೀರು ಕುಡಿದ. ಮತ್ತೆ ಶುರು ಮಾಡಿದ, ಮತ್ತೆ ನಿಂತ. ಏಳನೇ ನಿಮಿಷಕ್ಕೆ "ಕ್ಷಮಿಸಿ" ಅಂದು ಕೂತುಬಿಟ್ಟ. ಯಾರೂ ನಗಲಿಲ್ಲ. ನಮ್ಮ ಕಾಲಕ್ಕಿಂತ ಹುಡುಗರು ಒಳ್ಳೆಯವರು.

ಮೆಸ್ಸಿನಲ್ಲಿ ಅವನು ತುದಿಯಲ್ಲಿ ಒಬ್ಬನೇ ಕೂತಿದ್ದ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನಾನು ಹೋಗಿ ಎದುರು ಕೂತೆ. ಅಯ್ಯನವರ ಥರವೇ ಮಾಡೋಣ ಅಂತ ಕೇಳಿದೆ: "ನಿಮ್ಮೂರ ಕಡೆ ಮಳೆ ಆಯ್ತಾ?" ಹುಡುಗ ಮುಖ ನೋಡಿದ. "ನಮ್ದು ಮೊಳಕಾಲ್ಮೂರು ಹತ್ರ ಸಾರ್. ಅಪ್ಪ ಮಗ್ಗ ನೇಯ್ತಾರೆ. ಹೊಲ ಇಲ್ಲ." ಮುಂದೆ ಏನು ಕೇಳಬೇಕೋ ನನಗೆ ಹೊಳೆಯಲಿಲ್ಲ. ಉಪ್ಪಿನಕಾಯಿ ಬಟ್ಟಲು ಅವನ ಕಡೆ ತಳ್ಳಿದೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ: "ಎಲ್ಲಿ ತಪ್ಪಿತು ಸಾರ್?" "ಮೊದಲು ಉಣ್ಣು" ಅಂದೆ. ಅವನು ಅನ್ನ ಕಲಸಿದ.

ಹೊರಡುವಾಗ ವರಾಂಡದ ನೋಟಿಸ್ ಬೋರ್ಡಿನ ಹತ್ತಿರ ಹೋದೆ. ಮುಂದಿನ ತಿಂಗಳ ಚಾಪೆಲ್ ಪಟ್ಟಿ ಅಂಟಿಸಿದ್ದರು. ಪ್ರಿನ್ಸಿಪಾಲರ ಹತ್ತಿರ ಹೋಗಿ ಆ ಹುಡುಗನಿಗೆ ಇನ್ನೊಂದು ಅವಕಾಶ ಕೊಡಿ ಅಂತ ಕೇಳಬೇಕು ಅಂದುಕೊಂಡಿದ್ದೆ. ಪಟ್ಟಿ ಟೈಪ್ ಮಾಡಿದ್ದು. 19ನೇ ತಾರೀಖಿನ ಎದುರು ಇದ್ದ ಒಬ್ಬ ಮೇಷ್ಟ್ರ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಹುಡುಗನ ಹೆಸರು ಬರೆದಿತ್ತು. ಶಾಯಿ ಇನ್ನೂ ಹಸಿಯಾಗಿತ್ತು.